ಸೂಕ್ಷ್ಮ ಜಠರವೂ ಮಿತವ್ಯಯದ ಉಗ್ರಾಣವೂ

ಎಲೀಯ ಪ್ರವಾದಿಯು ಬರಗಾಲದಲ್ಲಿ ಒಬ್ಬ ಬಡ ವಿಧವೆಯ ಊರಿಗೆ ಬಂದಾಗ ಆಕೆಯ ಮನೆಯಲ್ಲಿದ್ದುದು ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ, ಇಷ್ಟೇ. ಈ ವೃತ್ತಾಂತವನ್ನು ನಾವು ಸತ್ಯವೇದದ ತರಗತಿಯಲ್ಲಿ ಅನೇಕಾವರ್ತಿ ಹೇಳಿಕೊಟ್ಟಿರುವೆವು. ಆದರೆ ಪ್ರವಾದಿಯು ಆ ಮನೆಯಲ್ಲಿಲ್ಲದ ಪದಾರ್ಥವನ್ನು ಕೇಳಲಿಲ್ಲ, ಇದ್ದುದರಿಂದಲೇ ಅಡಿಗೆಯನ್ನು ಆರಂಭಿಸಹೇಳಿದನು ಎಂಬುದನ್ನು ಗೃಹಕೃತ್ಯದ ಪಾಠವಾಗಿ ಆಲೋಚಿಸಿದ್ದು ಇತ್ತೀಚೆಗೆ ಮಾತ್ರ. ಅದಕ್ಕೆ ಕಾರಣವಾದವು ನಮ್ಮ ಹಳೆಯ ವಿದ್ಯಾರ್ಥಿನಿಯರ ಕಾಗದಗಳು.

ಇವರಲ್ಲಿ ಹಲವರು ಮದುವೆಯಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳಲ್ಲಿ ನೆಲಸಿರುವರು. ಅವರು ಶಾಲೆಗೆ ಬಂದಾಗಲೂ ಕಾಗದ ಬರೆದಾಗಲೂ ಮಕ್ಕಳ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, ಕಡೆಯಲ್ಲಿ ಒಂದು ಮಾತು ಬರುವುದುಂಟು: ಹೊಟ್ಟೆ ಸರಿಯಿಲ್ಲ. ಉಂಡರೆ ಉಬ್ಬರ, ಉಣ್ಣದಿದ್ದರೆ ಸಂಕಟ. ಒಂದು ವಾರ ಮಲಬದ್ಧತೆ, ಮರುವಾರ ಭೇದಿ. ವೈದ್ಯರು ಪರೀಕ್ಷಿಸಿ ದೊಡ್ಡ ವ್ಯಾಧಿಯೇನೂ ಇಲ್ಲವೆಂದರು. ನೆರೆಹೊರೆಯವರಲ್ಲಿ ಒಬ್ಬೊಬ್ಬರು ಒಂದೊಂದು ಪದಾರ್ಥವನ್ನು ಬಿಡಬೇಕೆಂದರು. ಔಷಧದ ಅಂಗಡಿಯಲ್ಲಿ ಒಂದು ಡಬ್ಬಿ ಪುಡಿಯನ್ನು ಕೊಟ್ಟರು. ಹೀಗೆ ಬಿಡುತ್ತ ಬಿಡುತ್ತ ಕಡೆಗೆ ಅನ್ನ, ಉಪ್ಪು, ಆ ಡಬ್ಬಿ, ಇಷ್ಟರಲ್ಲೇ ಕಾಲ ಕಳೆಯುವ ಹೆಣ್ಣುಮಕ್ಕಳನ್ನು ನಾವು ಕಂಡಿರುವೆವು. ಡಬ್ಬಿಯ ಬೆಲೆಯಾದರೋ ಒಂದು ಪ್ರಾಣಿಗೆ ತಿಂಗಳಿಗೆ ಬೇಕಾದ ಅಕ್ಕಿಬೇಳೆಯ ಬೆಲೆಗೆ ಬಹುಮಟ್ಟಿಗೆ ಸಮನಾಗಿರುವುದು.

ಈ ಪಾಠದಲ್ಲಿ ನಾವು ಹೇಳತಕ್ಕದ್ದೇನಂದರೆ, ಸೂಕ್ಷ್ಮ ಜಠರದವರ ಉಗ್ರಾಣವನ್ನು ಸಿದ್ಧಮಾಡುವಾಗ ಮೊದಲು ಬರೆಯಬೇಕಾದುದು ಇಟ್ಟುಕೊಳ್ಳುವ ಪದಾರ್ಥಗಳ ಪಟ್ಟಿ. ಬಿಡುವ ಪದಾರ್ಥಗಳ ಪಟ್ಟಿ ಆಮೇಲಿನದು, ಮತ್ತು ಅದು ಚಿಕ್ಕದಾಗಿರಬೇಕು. ಇದು ಹೊಸ ಮಾತೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರಶೋಧನೆ ನಡೆಸುತ್ತಿದ್ದ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಜೀವಸತ್ವಗಳಿಲ್ಲದ ಆಹಾರವನ್ನು ಕೋತಿಗಳಿಗೆ ಕೊಟ್ಟು ನೋಡಿದರು. ಅವುಗಳ ಕರುಳೇ ಕೆಟ್ಟು ಭೇದಿ ಮೊದಲಾದುವು ತಲೆದೋರಿದುವು. ಹೊಟ್ಟೆ ಕೆಟ್ಟಿತೆಂದು ಆಹಾರವನ್ನು ಬರಿದುಮಾಡಿದರೆ, ಬರಿದಾದ ಆಹಾರದಿಂದಲೇ ಹೊಟ್ಟೆ ಮತ್ತಷ್ಟು ಕೆಡುವುದು. ಆ ಮಹನೀಯರೇ ೧೯೨೮ ರಲ್ಲಿ ಈ ದೇಶದ ಶಾಲೆಗಳಿಗಾಗಿ ಆಹಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅಂಥ ಪಾಠವು ಈಗ ಪರೀಕ್ಷೆಯ ಅಂಕಗಳ ನೂಕುನುಗ್ಗಲಿನಲ್ಲಿ ಹಿಂದೆ ಬಿದ್ದಿರುವುದು ನಮಗೆ ಖೇದಕರ.

ಮೊದಲು ನಮ್ಮ ತಪ್ಪೊಂದನ್ನು ಹೇಳಿಬಿಡುವೆವು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯಕ್ಕೆ ಬಯಲುಸೀಮೆಯ ಒಂದು ಹಳ್ಳಿಯಿಂದ ಎಂಟನೆಯ ತರಗತಿಗೆ ಒಬ್ಬ ಬಾಲಿಕೆ ಬಂದು ಸೇರಿದಳು. ಬೆಳಿಗ್ಗೆ ಎಲ್ಲರಿಗೂ ಒಂದು ಲೋಟ ಹಾಲು ಕೊಡುವ ಪದ್ಧತಿ. ಈ ಮಗುವು ಮೊದಲ ಪಾಠದ ಹೊತ್ತಿಗೇ ಹೊಟ್ಟೆ ಹಿಡಿದುಕೊಂಡು ಅಪ್ಪಣೆ ಕೇಳಿ ಹೊರಗೆ ಹೋಗುವಳು. ಅದು ಗಣಿತದ ಪಾಠವಾಗಿದ್ದುದರಿಂದ ನೆಪವೆಂದೇ ನಾವು ತಿಳಿದೆವು. ಹಾಲನ್ನು ಬಿಡಲು ಯತ್ನಿಸಿದಾಗ ಎದುರಿಗೆ ನಿಂತು ಕುಡಿಸಿದೆವು. ಎರಡು ತಿಂಗಳ ಮೇಲೆ ಪರೀಕ್ಷಿಸಲು ಬಂದ ವೈದ್ಯೆಯೊಬ್ಬರು ಆಕೆಯನ್ನು ಕೇಳಿದ ಮೊದಲ ಪ್ರಶ್ನೆಯೇ, ರಜದಲ್ಲಿ ಮನೆಯಲ್ಲಿರುವಾಗ ಹೀಗಾಗುವುದೋ ಎಂಬುದು. ಇಲ್ಲವೆಂದಳು, ಮನೆಯಲ್ಲಿ ಹಾಲಿಲ್ಲ, ಮಜ್ಜಿಗೆ ಮಾತ್ರ. ಹಾಲನ್ನು ನಿಲ್ಲಿಸಿ ರಾಗಿಯ ಗಂಜಿಗೆ ಮಜ್ಜಿಗೆ ಬೆರೆಸಿಕೊಟ್ಟ ನಾಲ್ಕನೆಯ ದಿನದಿಂದ ಆಕೆ ಗಣಿತದ ಪಾಠದಲ್ಲಿ ಪೂರ್ತಿ ಕುಳಿತಳು. ನಾವು ಆಕೆಯನ್ನು ಕರೆದು ಕ್ಷಮೆ ಕೇಳಿದೆವು. ಆಕೆಗೆ ನಾಚಿಕೆಯಾಯಿತೇ ಹೊರತು ನಮ್ಮ ಮನಸ್ಸಿಗೆ ಸಮಾಧಾನವಾಗಲಿಲ್ಲ. ೨೦೧೩ ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯವು ಆರಂಭವಾಯಿತು. ಅದು ಅನೇಕ ಮಕ್ಕಳಿಗೆ ಉಪಕಾರವೇ. ಆದರೆ ಹಾಲು ಕುಡಿದ ಅರ್ಧ ಗಂಟೆಗೋ ಎರಡು ಗಂಟೆಗೋ ಹೊಟ್ಟೆ ನುಲಿಯುವುದೆಂದು ಹೇಳುವ ಮಗುವಿನ ಮಾತನ್ನು ಉಪಾಧ್ಯಾಯಿನಿಯರು ನಂಬತಕ್ಕದ್ದು.

ಹೀಗಾಗುವ ಕಾರಣವನ್ನು ತಿಳಿದುಕೊಂಡರೆ ಉಗ್ರಾಣದ ಅರ್ಧ ಕೆಲಸವು ಆದಂತೆಯೇ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಅದನ್ನು ಒಡೆಯುವ ಜೀರ್ಣರಸವು ಶೈಶವದಲ್ಲಿ ಯಥೇಷ್ಟವಾಗಿದ್ದು, ದಕ್ಷಿಣದೇಶದವರಾದ ನಮ್ಮಲ್ಲಿ ಅನೇಕರಿಗೆ ಬೆಳೆದಂತೆಲ್ಲ ಕಡಮೆಯಾಗುವುದು. ಒಡೆಯದೆ ಉಳಿದ ಸಕ್ಕರೆಯು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿಯುವುದು. ದಾರಿಯಲ್ಲಿ ನೀರನ್ನು ಎಳೆದುಕೊಳ್ಳುವುದು. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ವಾಯುವನ್ನು ಉಂಟುಮಾಡುವುವು. ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬಿ ಪಾತ್ರೆಯಿಂದ ಹೊರಕ್ಕೆ ಬರುವುದನ್ನು ನೀವು ಕಂಡಿರುವಿರಿ. ಕರುಳಿನೊಳಗೆ ನಡೆಯುವುದೂ ಅದೇ ಬಗೆಯ ಕೆಲಸ. ಇದು ಎಲ್ಲರಲ್ಲಿಯೂ ನಡೆಯುವುದು. ಕರುಳಿನ ನರಗಳು ಸೂಕ್ಷ್ಮವಾಗಿರುವವರಿಗೆ ಮಾತ್ರ ಅಷ್ಟೇ ಉಬ್ಬರವು ನೋವಾಗಿ ತೋರುವುದು. ಆಸ್ಟ್ರೇಲಿಯ ದೇಶದ ಮೊನಾಶ್ ವಿಶ್ವವಿದ್ಯಾನಿಲಯದ ಶೋಧಕರು ಹೀಗೆ ಹುದುಗುವ ಸಕ್ಕರೆಗಳನ್ನೆಲ್ಲ ಒಟ್ಟುಗೂಡಿಸಿ ೨೦೦೫ ರಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರಿಟ್ಟರು. ಹಾಲಿನ ಸಕ್ಕರೆಯಲ್ಲದೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿರುವ ಫ್ರಕ್ಟಾನ್, ಕಾಳುಗಳಲ್ಲಿರುವ ರಾಫಿನೋಸ್ ಮೊದಲಾದುವು ಈ ಗುಂಪಿಗೆ ಸೇರಿದುವು. ಇವು ವಿಷಗಳಲ್ಲ, ಆರೋಗ್ಯವಂತರಿಗೆ ಹಿತವೇ. ಆದುದರಿಂದ ಆ ಶೋಧಕರೂ ಇವುಗಳನ್ನು ಎರಡರಿಂದ ಆರು ವಾರಗಳವರೆಗೆ ಮಾತ್ರ ಕಡಮೆಮಾಡಿ, ಆಮೇಲೆ ಒಂದೊಂದಾಗಿ ಮರಳಿ ತಂದು ಪರೀಕ್ಷಿಸಬೇಕೆಂದು ಹೇಳುವರು. ನಮ್ಮವರು ಮೊದಲ ಭಾಗವನ್ನು ಕೇಳಿಸಿಕೊಂಡು ಎರಡನೆಯದನ್ನು ಮರೆಯುವರು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ರಕ್ತಹೀನತೆ, ನುಂಗಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಇದು ಅಡಿಗೆಮನೆಯಲ್ಲಿ ತೀರುವ ವಿಷಯವಲ್ಲ. ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಗೋಧಿಯು ಒಗ್ಗದೆಂಬ ಸಂದೇಹವಿದ್ದರೆ ಅದನ್ನು ಬಿಡುವುದಕ್ಕೆ ಮೊದಲೇ ವೈದ್ಯರಿಗೆ ಹೇಳಬೇಕು. ಸೀಲಿಯಾಕ್ ಎಂಬ ವ್ಯಾಧಿಯಲ್ಲಿ ಗೋಧಿಯೊಳಗಿನ ಗ್ಲೂಟೆನ್ ಕರುಳನ್ನೇ ಹಾಳುಮಾಡುವುದು; ಅದನ್ನು ಕಂಡುಹಿಡಿಯುವ ರಕ್ತಪರೀಕ್ಷೆಯು ಗೋಧಿಯನ್ನು ತಿನ್ನುತ್ತಿರುವಾಗಲೇ ಸರಿಯಾದ ಉತ್ತರವನ್ನು ಕೊಡುವುದು.

ಇನ್ನು ಉಗ್ರಾಣ. ಮೂರು ಸೀಮೆಗಳನ್ನು ಒಟ್ಟಾಗಿ ನೋಡಿದರೆ ದೇವರು ನಮಗೆ ಕಡಮೆಮಾಡಿಲ್ಲ. ಕಡೂರಿನ ಬಯಲಿನಲ್ಲಿ ರಾಗಿ, ಜೋಳ, ಹುರುಳಿ, ತೆಂಗು. ತರೀಕೆರೆಯ ಕಡೆ ಗದ್ದೆಯ ಭತ್ತ, ತೋಟದ ಬಾಳೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಎರೆಭೂಮಿಯಲ್ಲಿ ಕಡಲೆ, ಜೋಳ, ಈರುಳ್ಳಿ. ಈರುಳ್ಳಿಯ ಮಾತು ಆಮೇಲೆ.

ಮೊದಲು ಅಕ್ಕಿ. ಉಬ್ಬರವಿರುವವರಿಗೆ ಇದಕ್ಕಿಂತ ಸಾಧುವಾದ ಧಾನ್ಯವಿಲ್ಲ. ಯಾಕಂದರೆ ಇದರ ಪಿಷ್ಟವು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿಹೋಗುವುದು. ಸಣ್ಣಕ್ಕಿಯೇ ಆಗಬೇಕೆಂದಿಲ್ಲ, ನ್ಯಾಯಬೆಲೆಯ ಅಂಗಡಿಯ ಅಕ್ಕಿಯನ್ನು ಆರಿಸಿ, ತೊಳೆದು, ಅರ್ಧ ಗಂಟೆ ನೆನೆಹಾಕಿ ಮೆತ್ತಗೆ ಬೇಯಿಸಿದರೆ ಸಾಕು. ಮನೆಯ ಮುದುಕಿಯರು ಹೊಸ ಅಕ್ಕಿಯನ್ನು ಅಜೀರ್ಣವುಳ್ಳವರಿಗೆ ಬಡಿಸುವುದಿಲ್ಲ. ಆ ಪದ್ಧತಿಯನ್ನು ಬಿಡಬೇಕಾದುದಿಲ್ಲ. ಅವಲಕ್ಕಿ, ಮಂಡಕ್ಕಿ ಇವೂ ಅಕ್ಕಿಯೇ. ಅಡಿಗೆ ಮಾಡಲಾರದ ದಿನಕ್ಕೆ ಒಂದು ಡಬ್ಬಿ ಅವಲಕ್ಕಿಯಿದ್ದರೆ ಬೇಕರಿಯ ಬಿಸ್ಕತ್ತಿಗೆ ಕೈ ಹೋಗುವುದಿಲ್ಲ.

ಆದರೆ ಅಕ್ಕಿಯೊಂದರಿಂದಲೇ ದೇಹವು ನಡೆಯಲಾರದು, ಮಲಬದ್ಧತೆಯೂ ನೀಗದು. ಆದುದರಿಂದ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಸತ್ವವುಂಟು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇದರ ಮೂರರಲ್ಲೊಂದು ಪಾಲು ಮಾತ್ರ. ಹಾಲು ಒಗ್ಗದ ಹೆಣ್ಣುಮಗುವಿಗೆ ಇದಕ್ಕಿಂತ ಅಗ್ಗದ ಸಹಾಯವು ಬೇರೆಯಿಲ್ಲ. ರಾಗಿಯಲ್ಲಿರುವ ಸುಣ್ಣವೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬುದು ನಿಜ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟುಮಾಡಿದರೆ ಹೆಚ್ಚು ಭಾಗವು ಸೇರುವುದು. ರಾಗಿಯು ಹೊಟ್ಟೆನೋವು ತರುವುದೆಂದು ದೂರುವವರ ಮನೆಯಲ್ಲಿ ನಾವು ಮುದ್ದೆಯನ್ನು ಪರೀಕ್ಷಿಸಿರುವೆವು. ಅನೇಕವೇಳೆ ದೋಷವು ರಾಗಿಯದಲ್ಲ, ಅವಸರದ್ದು. ಎಸರಿಗೆ ಹಿಟ್ಟು ಹಾಕಿ ಎರಡು ನಿಮಿಷದಲ್ಲಿ ತೊಳಸಿ ಇಳಿಸಿದ ಮುದ್ದೆಯ ಒಳಗೆ ಹಸಿ ಹಿಟ್ಟಿನ ಗಂಟುಗಳಿರುವುವು. ಮುದ್ದೆಯನ್ನು ಅಗಿಯುವ ವಾಡಿಕೆಯಿಲ್ಲದ್ದರಿಂದ ಗಂಟುಗಳು ಹಾಗೆಯೇ ಜಠರಕ್ಕೆ ಇಳಿಯುವುವು. ಸೂಕ್ಷ್ಮ ಜಠರದವರು ಗಂಜಿಯಿಂದ ಆರಂಭಿಸುವುದು ಲೇಸು. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹುಯ್ದು, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಬಿಡದೆ ತಿರುವಿ, ಆರಿದ ಮೇಲೆ ಉಪ್ಪು ಮಜ್ಜಿಗೆ ಸೇರಿಸತಕ್ಕದ್ದು. ಹೊಟ್ಟೆ ತೀರಾ ಕೆಟ್ಟಿರುವಾಗ ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಸೋಸಿ, ಆ ಹಾಲಿನಿಂದ ಕೂಸಿಗೆ ಮಾಡುವಂತೆ ಮಣ್ಣಿಯನ್ನು ಮಾಡಬಹುದು.

ಜೋಳದ ರೊಟ್ಟಿಯು ಗೋಧಿಯ ಚಪಾತಿಗೆ ಬದಲಾಗಿ ಬಹುಮಂದಿಗೆ ಒಗ್ಗುವುದು. ನವಣೆ, ಸಾಮೆಗಳೂ ಒಳ್ಳೆಯವೇ. ಆದರೆ ೨೦೨೩ ನೆಯ ವರ್ಷವನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಆಚರಿಸಿದಂದಿನಿಂದ ಇವು ಸಿರಿಧಾನ್ಯಗಳೆಂಬ ಹೆಸರಿಗೆ ತಕ್ಕಂತೆ ಸಿರಿವಂತರ ಪೊಟ್ಟಣಗಳಲ್ಲಿ ಕುಳಿತಿರುವುವು. ಹೊಲದವರಿಂದ ನೇರವಾಗಿ ಸಿಕ್ಕಿದರೆ ಕೊಳ್ಳಿರಿ. ಸಿಕ್ಕದಿದ್ದರೆ ರಾಗಿಯಿದೆಯೆಂದು ಸುಮ್ಮನಿರಿ.

ಕಾಳುಬೇಳೆಗಳ ವಿಷಯದಲ್ಲಿ ಹೆಚ್ಚು ತಿಳಿಯಬೇಕಾದುದುಂಟು. ಬಡವರಿಗೆ ಮಾಂಸಪೋಷಕವಾದ ಸತ್ವವು ದೊರೆಯುವುದು ಇವುಗಳಿಂದಲೇ. ಹೊಟ್ಟೆ ಸೂಕ್ಷ್ಮವಾದವರು ಮೊದಲು ಬಿಡುವುದೂ ಇವುಗಳನ್ನೇ. ಹೀಗೆ ಬಿಟ್ಟವರೇ ಆರು ತಿಂಗಳಲ್ಲಿ ಕೂದಲುದುರಿ ಕೃಶರಾಗಿ ನಮ್ಮ ಮುಂದೆ ನಿಲ್ಲುವವರು. ಹೆಸರುಬೇಳೆಯನ್ನು ಎಂದಿಗೂ ಉಗ್ರಾಣದಿಂದ ತೆಗೆಯಬೇಡಿರಿ. ಸಿಪ್ಪೆ ತೆಗೆದ ಹೆಸರುಬೇಳೆಯನ್ನು ತೊಳೆದು, ಎರಡು ಗಂಟೆ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕರಗುವಂತೆ ಬೇಯಿಸಿ, ಒಂದು ಹೊತ್ತಿಗೆ ಸಣ್ಣ ಬಟ್ಟಲಿನಷ್ಟು ತೆಗೆದುಕೊಂಡರೆ ಸಹಿಸದವರು ವಿರಳ. ತೊಗರಿಯನ್ನು ಇದರೊಡನೆ ಅರ್ಧಕ್ಕರ್ಧ ಬೆರೆಸಿ ಹುಳಿ ಮಾಡಬಹುದು. ಇಡಿಯ ಕಾಳುಗಳನ್ನಾದರೆ ರಾತ್ರಿಯೆಲ್ಲ ನೆನೆಹಾಕಿ ಮೊಳಕೆ ಬರಿಸಿ ಬೇಯಿಸತಕ್ಕದ್ದು. ಮೊಳೆಯುವಾಗ ಆ ಕಾಳೇ ತನ್ನೊಳಗಿನ ಹುದುಗುವ ಸಕ್ಕರೆಯನ್ನು ಉಂಡು ಬೆಳೆಯುವುದರಿಂದ ನಮಗೆ ಅದರ ಬಾಧೆಯು ಕಡಮೆ. ಹಸಿಯ ಮೊಳಕೆಯನ್ನು ಮಾತ್ರ ಇಂಥವರು ತಿನ್ನಬಾರದು.

ಇಲ್ಲಿ ನಮ್ಮ ಸೀಮೆಯ ಒಂದು ನಂಬಿಕೆಯನ್ನು ತಿದ್ದಬೇಕಾಗಿದೆ. ಹುರುಳಿಯನ್ನೋ ಅವರೆಯನ್ನೋ ಬೇಯಿಸಿ, ಕಟ್ಟನ್ನು ಬಸಿದು ಸಾರುಮಾಡಿ, ಕಾಳು ಭಾರವೆಂದು ಗಟ್ಟಿಯಾದವರಿಗೆ ಬಡಿಸಿ, ಕಟ್ಟು ಹಗುರವೆಂದು ಹೊಟ್ಟೆ ಕೆಟ್ಟವರಿಗೆ ಬಡಿಸುವ ವಾಡಿಕೆಯುಂಟು. ಜ್ವರದಿಂದ ಎದ್ದವರಿಗೆ ಕಟ್ಟು ಹಿತವಿರಬಹುದು. ಆದರೆ ಉಬ್ಬರದ ಹೊಟ್ಟೆಗೆ ಇದು ತಲೆಕೆಳಗಾದ ಉಪಚಾರ; ಯಾಕಂದರೆ ವಾಯುವನ್ನುಂಟುಮಾಡುವ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ಅವು ಕಾಳನ್ನು ಬಿಟ್ಟು ಕಟ್ಟಿಗೆ ಇಳಿದಿರುವುವು. ಅಂಥವರಿಗೆ ಚೆನ್ನಾಗಿ ಬೆಂದ ಕಾಳನ್ನು ಎರಡು ಚಮಚದಷ್ಟು ಕೊಟ್ಟು ಕಟ್ಟಿನ ಸಾರನ್ನು ಮನೆಯ ಉಳಿದವರು ಉಣ್ಣಲಿ. ನೆನೆದ ನೀರನ್ನು ಚೆಲ್ಲಿದರೆ ಸತ್ವವು ಹೋಗುವುದಿಲ್ಲವೇ ಎಂದು ಜಾಣೆಯಾದ ಹುಡುಗಿಯೊಬ್ಬಳು ಕೇಳಿದಳು. ಸ್ವಲ್ಪ ಹೋಗುವುದು. ನೋವಿಗೆ ಹೆದರಿ ಕಾಳನ್ನೇ ಬಿಟ್ಟರೆ ಪೂರ್ತಿ ಹೋಗುವುದು.

ಈಗ ಈರುಳ್ಳಿ. ಅಜ್ಜಂಪುರದ ಸುತ್ತಿನ ಹೊಲಗಳಲ್ಲಿ ಬೆಳೆದು, ಮೂಟೆಗಳಾಗಿ ಹೊರಗೆ ಹೋಗುವ ಈ ಪದಾರ್ಥದಿಂದ ಎಷ್ಟೋ ಮಕ್ಕಳ ಶಾಲೆಯ ಶುಲ್ಕವು ಬರುವುದು. ಬೆಲೆಯು ಬಿದ್ದ ವರ್ಷಗಳಲ್ಲಿ ಮೂಟೆಯು ಮನೆಯಲ್ಲಿಯೇ ಉಳಿದು ಮೂರು ಹೊತ್ತೂ ಸಾರಿಗೆ ಬೀಳುವುದು. ಹೀಗಿರಲಾಗಿ ಈರುಳ್ಳಿಯನ್ನು ದೂರುವುದು ನಮಗೆ ಇಷ್ಟವಲ್ಲ. ಆದರೂ ಸೂಕ್ಷ್ಮ ಕರುಳಿನವರಿಗೆ ನಮ್ಮ ಅಡಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತೊಂದರೆ ಕೊಡುವುದು ಈರುಳ್ಳಿಯೂ ಬೆಳ್ಳುಳ್ಳಿಯೂ ಎಂಬುದನ್ನು ಮರೆಸುವಂತಿಲ್ಲ. ಬೇಯಿಸಿ ತೆಗೆದುಹಾಕಿದರೂ ಪ್ರಯೋಜನವಿಲ್ಲ. ಫ್ರಕ್ಟಾನು ನೀರಿಗೆ ಇಳಿದು ಸಾರಿನಲ್ಲಿಯೇ ಇರುವುದು. ಆದರೆ ಅದು ಎಣ್ಣೆಯಲ್ಲಿ ಕರಗದು. ಪರಿಮಳವು ಮಾತ್ರ ಕರಗುವುದು. ಈ ಒಂದು ಸಂಗತಿಯಿಂದ ಅಡಿಗೆಯವಳು ಉಪಾಯವನ್ನು ಮಾಡಬಹುದು. ಜಜ್ಜದ ಬೆಳ್ಳುಳ್ಳಿಯ ಎಸಳುಗಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳುಗಳನ್ನು ತೆಗೆದು, ಆ ಎಣ್ಣೆಯಿಂದ ಒಗ್ಗರಣೆ ಕೊಟ್ಟರೆ ವಾಸನೆಯು ಬರುವುದು, ವಾಯು ಬಾರದು. ಈ ಎಣ್ಣೆಯನ್ನು ಆಗಲೇ ಉಪಯೋಗಿಸಬೇಕು, ದಿನಗಟ್ಟಲೆ ಹೊರಗಿಟ್ಟು ಬಳಸಕೂಡದು. ಎಳೆಯ ಈರುಳ್ಳಿಗಿಡದ ಹಸುರು ಸೊಪ್ಪಿನಲ್ಲಿ ಫ್ರಕ್ಟಾನು ಬಹಳ ಕಡಮೆಯಾದ್ದರಿಂದ ಬಿಳಿಯ ಗೆಡ್ಡೆಯನ್ನು ಮನೆಯವರಿಗೆ ಬಿಟ್ಟು ಸೊಪ್ಪನ್ನು ತಾನು ತೆಗೆದುಕೊಳ್ಳಬಹುದು. ಇಂಗು ಇದ್ದರೆ ಎರಡರ ಕೊರತೆಯೂ ಅಷ್ಟಾಗಿ ತೋರದು. ಆದರೆ ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿಯ ಹಿಟ್ಟನ್ನು ಬೆರೆಸಿರುವುದು ಸಾಮಾನ್ಯ. ಸೀಲಿಯಾಕ್ ವ್ಯಾಧಿಯುಳ್ಳವರು ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳತಕ್ಕದ್ದು.

ಹಾಲಿನ ವಿಷಯವನ್ನು ಹೇಳಿಯಾಯಿತು. ಹೆಪ್ಪು ಹಾಕಿದಾಗ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯಲ್ಲಿ ಸ್ವಲ್ಪ ಭಾಗವನ್ನು ಮುಗಿಸುವುವು, ಉಳಿದುದನ್ನು ಒಡೆಯಲೂ ಸಹಾಯಮಾಡುವುವು. ಆದುದರಿಂದ ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದು, ನೀರು ಬೆರೆಸಿ ಕಡೆದ ಮಜ್ಜಿಗೆಯು ಇನ್ನೂ ಚೆನ್ನಾಗಿ ಒಗ್ಗುವುದು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನಕೇಂದ್ರವಿರುವುದನ್ನು ನೀವು ಬಲ್ಲಿರಿ. ಮೈಸೂರಿನ ಅರಸರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿದ್ದ ಈ ಗೋವುಗಳು ದುಡಿಮೆಗೆ ಹೆಸರುವಾಸಿಯೇ ಹೊರತು ಹಾಲಿಗಲ್ಲ. ಬಯಲಿನ ಮನೆಗಳಲ್ಲಿ ಹಿಂದೆ ಮಕ್ಕಳು ಹಾಲಿಗಿಂತ ಮಜ್ಜಿಗೆಯಿಂದಲೇ ಬೆಳೆದರೆಂಬುದನ್ನು ನೆನೆದರೆ ಲೋಟದ ಹಾಲಿಗಾಗಿ ನಾವು ಮಾಡಿದ ಬಲಾತ್ಕಾರವು ಇನ್ನಷ್ಟು ಅರ್ಥವಿಲ್ಲದ್ದಾಗಿ ತೋರುವುದು. ತರೀಕೆರೆಯ ಮಲೆನಾಡಿನ ಮಗ್ಗುಲಲ್ಲಿ ಮಾಡುವ ತಂಬುಳಿಯನ್ನು ಬಯಲಿನವರು ಕಲಿಯಬೇಕೆಂಬುದು ನಮ್ಮ ಆಸೆ. ದೊಡ್ಡಪತ್ರೆಯ ನಾಲ್ಕು ಎಲೆಗಳನ್ನು ಜೀರಿಗೆಯೊಡನೆ ಬಾಡಿಸಿ, ತುಸು ತೆಂಗಿನಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿದರೆ ಅನ್ನಕ್ಕೆ ಬೇರೆ ವ್ಯಂಜನವು ಬೇಡ. ಗಿಡವು ಒಡಕು ಮಡಕೆಯಲ್ಲಿಯೂ ಬೆಳೆಯುವುದು.

ತರಕಾರಿಗಳನ್ನು ಉಗ್ರಾಣದಲ್ಲಿ ಇಡಲಾಗದು. ಸಂತೆಯಲ್ಲಿ ನೆನಪಿಡುವುದಕ್ಕಾಗಿ ಹೇಳುವೆವು. ಸೌತೆ, ಪಡವಲ, ಹೀರೆ, ಬೂದುಗುಂಬಳ, ಗಜ್ಜರಿ, ಹಾಸನದ ಕಡೆಯಿಂದ ಬರುವ ಆಲೂಗೆಡ್ಡೆ ಇವು ಸಾಧುವಾದುವು. ಎಲೆಕೋಸು, ಹೂಕೋಸು, ಬಲಿತ ಅವರೆ, ಹಲಸಿನ ಹಣ್ಣು ಇವುಗಳನ್ನು ಅಳತೆ ನೋಡಿ ತಿನ್ನಬೇಕು. ಬಾಳೆಯ ಹಣ್ಣು ಹದವಾಗಿ ಮಾಗಿದ್ದು ಒಳ್ಳೆಯದು, ಕಪ್ಪಾಗುವಷ್ಟು ಕಳಿತದ್ದು ಕೆಲವರಿಗೆ ಆಗದು. ಖಾರದಿಂದ ಉರಿಯಾಗುವವರು ಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿ ಜೀರಿಗೆ, ಶುಂಠಿ, ಕೊತ್ತಂಬರಿಗಳನ್ನು ಹೆಚ್ಚಿಸಲಿ. ಕರಿದ ತಿಂಡಿಯ ವಿಷಯವನ್ನು ಎಲ್ಲರೂ ಬಲ್ಲರು.

ಒಬ್ಬ ವಯಸ್ಕ ಹೆಂಗಸಿಗೆ ಒಂದು ತಿಂಗಳಿಗೆ ನಾವು ಬರೆದುಕೊಡುವ ಲೆಕ್ಕವು ಹೀಗಿರುವುದು: ಅಕ್ಕಿ ೫ ಕಿಲೋ, ರಾಗಿ ೨ ಕಿಲೋ, ಜೋಳ ೧ ಕಿಲೋ, ಹೆಸರುಬೇಳೆ ೧ ಕಿಲೋ, ತೊಗರಿಬೇಳೆ ಅರ್ಧ ಕಿಲೋ, ಮೊಳಕೆಗೆ ಹೆಸರುಕಾಳು ಅಥವಾ ಹುರುಳಿ ಅರ್ಧ ಕಿಲೋ, ಅಡಿಗೆಯ ಎಣ್ಣೆ ಮುಕ್ಕಾಲು ಲೀಟರು, ಜೀರಿಗೆ ೧೦೦ ಗ್ರಾಂ, ಮೆಂತ್ಯ ೫೦ ಗ್ರಾಂ, ಓಮ ೫೦ ಗ್ರಾಂ, ಒಣಶುಂಠಿಯ ಎರಡು ತುಂಡು, ಇಂಗಿನ ಚಿಕ್ಕ ಡಬ್ಬಿ ಒಂದು. ಇವುಗಳಲ್ಲಿ ಸಾಂಬಾರದ ಪದಾರ್ಥಗಳು ಎರಡು ಮೂರು ತಿಂಗಳು ಬರುವುವು. ಮಲಬದ್ಧತೆಯುಳ್ಳವರು ಇಸಬಗೋಲಿನ ಒಂದು ಪೊಟ್ಟಣವನ್ನು ಸೇರಿಸಬಹುದು. ಅದನ್ನು ಒಂದು ಚಮಚದಿಂದ ಆರಂಭಿಸಿ, ದೊಡ್ಡ ಲೋಟದ ತುಂಬ ನೀರಿನೊಡನೆ ಕೂಡಲೇ ಕುಡಿಯಬೇಕು. ನೀರಿಲ್ಲದೆ ನುಂಗಿದರೆ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಉಬ್ಬಿ ನಿಲ್ಲುವುದು. ಈ ಪಟ್ಟಿಯಲ್ಲಿ ಒಂದಾದರೂ ಕಡೂರು, ಬೀರೂರು, ತರೀಕೆರೆಗಳ ದಿನಸಿ ಅಂಗಡಿಯಲ್ಲಿಯೋ ಔಷಧದ ಅಂಗಡಿಯಲ್ಲಿಯೋ ದೊರೆಯದ ಪದಾರ್ಥವಿಲ್ಲ.

ತಂದುದನ್ನು ಕಾಪಾಡುವುದೂ ಮಿತವ್ಯಯವೇ. ಕಾಳುಗಳನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬತಕ್ಕದ್ದು. ಬೂಷ್ಟು ಹಿಡಿದ ಕಡಲೆಕಾಯಿಯನ್ನೂ ಕೊಬ್ಬರಿಯನ್ನೂ ಆರಿಸಿ ತಿನ್ನಬೇಡಿರಿ; ಆ ಬೂಷ್ಟಿನ ವಿಷವು ಹುರಿದರೂ ಪೂರ್ತಿ ಹೋಗುವುದಿಲ್ಲ. ಕರಿದು ಕಪ್ಪಾದ ಎಣ್ಣೆಯನ್ನು ಮರಳಿ ಬಾಣಲೆಗೆ ಹುಯ್ಯುವುದರಲ್ಲಿ ಉಳಿತಾಯವಿಲ್ಲ.

ತಂಗಳಿನ ಮಾತನ್ನು ನಾವು ಬೇಕೆಂದೇ ಕಡೆಗೆ ಇಟ್ಟುಕೊಂಡೆವು. ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆಯುಂಟು. ಬಲ್ಲವನಿಗೆ ಎಂದಿದೆ, ಬಲ್ಲವಳಿಗೆ ಎಂದಿಲ್ಲ. ಅನೇಕ ಮನೆಗಳಲ್ಲಿ ಊಟದ ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಎಲ್ಲರೂ ಎದ್ದ ಮೇಲೆ ಮೂರು ಗಂಟೆಗೆ ಕುಳಿತು, ನಿನ್ನೆಯ ಸಾರು ಕೆಡಬಾರದೆಂದು ಅದನ್ನೇ ಬಿಸಿಮಾಡಿ ಉಣ್ಣುವಳು. ಬೇಯಿಸಿದ ಅನ್ನವನ್ನು ಹೊರಗೆ ಬಹಳ ಹೊತ್ತು ಇಟ್ಟರೆ ಬೇಯುವಾಗ ಸಾಯದೆ ಉಳಿದ ಸೂಕ್ಷ್ಮಜೀವಿಗಳು ಬೆಳೆದು ಒಂದು ವಿಷವನ್ನು ಬಿಡುವುವು. ಮರಳಿ ಬಿಸಿಮಾಡಿದರೂ ಆ ವಿಷವು ನಾಶವಾಗದು. ಹಸಿವಿನಿಂದ ಬೆಂದು, ಆಮೇಲೆ ಒಮ್ಮೆಗೇ ತುಂಬಿದ ಜಠರವು ಯಾವ ಪಥ್ಯಕ್ಕೂ ಮಣಿಯುವುದಿಲ್ಲ. ಮನೆಯವರು ಕೇಳಿದರೆ ಏನು ಹೇಳುವುದೆಂದು ನಾಚಿಕೊಳ್ಳಬೇಕಾದುದಿಲ್ಲ. ತಿಮೊಥೆಯನ ಜಠರವೂ ದುರ್ಬಲವಾಗಿದ್ದಿತೆಂದು ಅಪೊಸ್ತಲನ ಪತ್ರಿಕೆಯಿಂದಲೇ ತಿಳಿದಿರುವೆವು. (ಅವನಿಗೆ ಹೇಳಿದ ಮದ್ದನ್ನು ವಿದ್ಯಾರ್ಥಿನಿಲಯದ ಉಗ್ರಾಣದಲ್ಲಿ ಇಡುವ ಹಾಗಿಲ್ಲ.) ಹನ್ನೊಂದು ಗಂಟೆಗೆ ಒಂದು ಬಟ್ಟಲು ಗಂಜಿಯನ್ನು ಕುಡಿದು ಕೆಲಸವನ್ನು ಮುಂದುವರಿಸುವ ಸೊಸೆಯನ್ನು ಅತ್ತೆಯವರು ಒಂದೆರಡು ದಿನ ನೋಡಿ ಸುಮ್ಮನಾಗುವರು, ನಾವು ಕಂಡಂತೆ ಕೆಲವು ಅತ್ತೆಯವರು ತಾವೂ ಒಂದು ಬಟ್ಟಲನ್ನು ಮುಂದೆ ಚಾಚಿರುವರು.

ಒಗ್ಗುವುದು ಯಾವುದು, ಒಗ್ಗದ್ದು ಯಾವುದು ಎಂಬುದನ್ನು ಅವರಿವರ ಮಾತಿನಿಂದ ನಿರ್ಧರಿಸದೆ ಒಂದು ನೋಟುಪುಸ್ತಕದಿಂದ ನಿರ್ಧರಿಸಿರಿ. ಮೂರು ವಾರ ಮೇಲಿನ ಸಾಧುವಾದ ಪದಾರ್ಥಗಳಲ್ಲಿರುವುದು. ಹೊಟ್ಟೆ ನೆಟ್ಟಗಾದ ಮೇಲೆ ಬಿಟ್ಟಿದ್ದ ಒಂದು ಪದಾರ್ಥವನ್ನು ಮೊದಲ ದಿನ ಸ್ವಲ್ಪ, ಎರಡನೆಯ ದಿನ ಇನ್ನಷ್ಟು, ಮೂರನೆಯ ದಿನ ವಾಡಿಕೆಯ ಅಳತೆಯಲ್ಲಿ ತಿಂದು, ತಾರೀಖು ಸಹಿತವಾಗಿ ಬರೆಯುವುದು. ಎರಡು ಪದಾರ್ಥಗಳನ್ನು ಒಟ್ಟಿಗೆ ಪರೀಕ್ಷಿಸಬಾರದು. ತಿಂಗಳ ಮುಟ್ಟಿನ ದಿನಗಳನ್ನೂ ಮನಸ್ಸಿಗೆ ನೋವಾದ ದಿನಗಳನ್ನೂ ಗುರುತು ಮಾಡಿರಿ. ಆ ದಿನಗಳಲ್ಲಿ ಕರುಳು ತಾನಾಗಿಯೇ ಮುನಿಯುವುದುಂಟು, ಅಪವಾದವು ಪಾಪದ ಪಡವಲಕಾಯಿಯ ಮೇಲೆ ಬೀಳಬಾರದು.

ಅಜ್ಜಂಪುರದ ಸಮೀಪದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದ ಪುಸ್ತಕವನ್ನು ಕಳೆದ ರಜದಲ್ಲಿ ತಂದು ತೋರಿಸಿದಳು. ಅನ್ನ, ಉಪ್ಪು, ಡಬ್ಬಿಯ ಪುಡಿ ಇಷ್ಟಕ್ಕೆ ಇಳಿದಿದ್ದವಳು ಆಕೆಯೇ. ಈರುಳ್ಳಿ ಬೆಳೆಯುವ ಮನೆಯಲ್ಲಿ ಈರುಳ್ಳಿ ಬೇಡವೆನ್ನುವುದು ಹೇಗೆಂಬುದೇ ಆಕೆಯ ದೊಡ್ಡ ಸಂಕಟವಾಗಿದ್ದಿತು. ಈಗ ಹುಳಿಯನ್ನು ಈರುಳ್ಳಿಯಿಲ್ಲದೆ ಕುದಿಸಿ, ತನ್ನ ಪಾಲನ್ನು ಮೊದಲು ಬಟ್ಟಲಿಗೆ ತೆಗೆದಿರಿಸಿ, ಆಮೇಲೆ ಬಾಣಲೆಯಲ್ಲಿ ಬೇರೆಯಾಗಿ ಹುರಿದ ಈರುಳ್ಳಿಯನ್ನು ಒಗ್ಗರಣೆಯೊಡನೆ ಪಾತ್ರೆಗೆ ಸುರಿಯುವಳಂತೆ. ರುಚಿಯು ಮೊದಲಿಗಿಂತ ಹೆಚ್ಚಾಯಿತೆಂದು ಮಾವನವರು ಹೊಗಳಿದರಂತೆ. ಕಾರಣವನ್ನು ಅವರಿಗೆ ಇನ್ನೂ ಹೇಳಿಲ್ಲ. ಡಬ್ಬಿಯು ಹೋಗಿ ಎಂಟು ತಿಂಗಳಾಗಿದೆ, ತೂಕವು ನಾಲ್ಕು ಕಿಲೋ ಬಂದಿದೆ. ಪುಸ್ತಕದ ಕಡೆಯ ಪುಟದಲ್ಲಿ ಒಂದು ಪ್ರಶ್ನೆಯನ್ನು ಬರೆದಿದ್ದಳು: ಸೊನೆಯವರೆಯ ಕಾಲ ಬರುತ್ತಿದೆ, ತವರಿನಲ್ಲಿ ಹಿದುಕಿದ ಬೇಳೆಯ ಸಾರು ಮಾಡುವರು, ನಾನು ಉಣ್ಣಬಹುದೇ? ಅದರ ಕೆಳಗೆ ನಾವು ಕೆಂಪು ಮಸಿಯಲ್ಲಿ ಬರೆದುಕೊಟ್ಟೆವು: ಹಿದುಕಿದ ಬೇಳೆ ಎರಡು ಚಮಚ, ಸಾರು ಬೇಡ, ಮಧ್ಯಾಹ್ನದ ಊಟಕ್ಕೆ, ಮರುದಿನ ಪ್ರಯಾಣವಿಲ್ಲದಾಗ.